ಎರೆಭೂತ ಮತ್ತು ವಿದ್ಯುತ್ ತಂತಿ: ಪ್ರಭೇದ ಸಂರಕ್ಷಣೆಯ ಒಂದು ನೀತಿಪ್ರಶ್ನೆ

ಅಳಿವಿನಂಚಿನ ಜೀವಿಗಳನ್ನು ಕುರಿತ ನೀತಿಚರ್ಚೆಯಲ್ಲಿ ನಮಗೆ ಸಾಮಾನ್ಯವಾಗಿ ಸಿಗುವುದು ಬೇಟೆಗಾರ, ಗಣಿ, ಮರಗಳ್ಳತನದಂಥ ಉದಾಹರಣೆಗಳು. ಅವುಗಳಲ್ಲಿ ತಪ್ಪು ಯಾರದೆಂಬುದು ಮೊದಲೇ ಗೊತ್ತಿರುತ್ತದೆ. ರಾಜಸ್ಥಾನದ ಜೈಸಲ್ಮೇರ್ ಪ್ರದೇಶದಲ್ಲಿ ಉಳಿದಿರುವ ಎರೆಭೂತ ಎಂಬ ಹಕ್ಕಿಯ ಪ್ರಕರಣ ಹಾಗಲ್ಲ. ಹವಾಮಾನ ಬದಲಾವಣೆಯನ್ನು ತಡೆಯಲೆಂದು ಉತ್ಪಾದಿಸುವ ಸೌರ ಮತ್ತು ಪವನ ವಿದ್ಯುತ್ತನ್ನು ಹೊತ್ತೊಯ್ಯುವ ತಂತಿಗಳೇ ಇಲ್ಲಿ ಹಕ್ಕಿಯ ಸಾವಿಗೆ ಕಾರಣವಾಗುತ್ತಿವೆ.

ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಪಠ್ಯಗಳಲ್ಲಿ ಕಾಣುವ ಈ ಹಕ್ಕಿಗೆ ನಮ್ಮಲ್ಲಿ ಎರೆಭೂತ, ದೊರವಾಯನ ಹಕ್ಕಿ ಎಂಬ ಹೆಸರುಗಳಿವೆ. (ಎರೆ ಎಂದರೆ ಕಪ್ಪುಮಣ್ಣು, ಹಕ್ಕಿ ಎಲ್ಲಿಯದೆಂಬುದನ್ನು ಹೆಸರೇ ಹೇಳುತ್ತದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಭೂಮಿಯಲ್ಲಿ ಈಗ ಬೆರಳೆಣಿಕೆಯಷ್ಟು ಮಾತ್ರ ಕಾಣಸಿಗುತ್ತವೆ.) ಸುಮಾರು ಒಂದು ಮೀಟರ್ ಎತ್ತರದ ಗಂಡು 15 ಕಿಲೋಗ್ರಾಂವರೆಗೂ ತೂಗುತ್ತದೆ. ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ನೆಲದ ಮೇಲೆ ಸುತ್ತಲಿನ ಅಪಾಯ ಚೆನ್ನಾಗಿ ಕಾಣುತ್ತದೆ, ಹಾರುವಾಗ ನೇರ ಮುಂದಿರುವುದು ಸರಿಯಾಗಿ ಕಾಣುವುದಿಲ್ಲ. ತಂತಿ ಕಣ್ಣಿಗೆ ಬೀಳುವಷ್ಟರಲ್ಲಿ ಅದು ತೀರಾ ಹತ್ತಿರವಿರುತ್ತದೆ, ಅಷ್ಟು ಭಾರದ ಮೈಯನ್ನು ಥಟ್ಟನೆ ಹೊರಳಿಸಲು ಆಗುವುದಿಲ್ಲ. ಹೆಣ್ಣು ಬಯಲು ನೆಲದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಬಯಲಿನಲ್ಲಿ ಉಳಿದಿರುವ ಒಟ್ಟು ಸಂಖ್ಯೆ 150ಕ್ಕಿಂತ ಕಡಿಮೆಯಿರುವಾಗ, ತಂತಿಗೆ ಬಡಿದು ಸಾಯುವ ಪ್ರತಿಯೊಂದು ಪ್ರಾಯದ ಹಕ್ಕಿಯ ನಷ್ಟವನ್ನು ತುಂಬಿಕೊಳ್ಳುವುದು ಬಹಳ ಕಷ್ಟ.

ವನ್ಯಜೀವಿ ಸಂರಕ್ಷಣಾವಾದಿ ಎಂ. ಕೆ. ರಂಜಿತ್‌ಸಿಂಹ ಮತ್ತಿತರರು 2019ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 19ರಂದು, ರಾಜಸ್ಥಾನ ಮತ್ತು ಗುಜರಾತ್‌ನ ಸುಮಾರು 99,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ತಂತಿಗಳಿಗೆ ನಿರ್ಬಂಧ ವಿಧಿಸಿ, ಸಾಧ್ಯವಿರುವಲ್ಲೆಲ್ಲ ಅವನ್ನು ನೆಲದಡಿಗೆ ಇಳಿಸಬೇಕೆಂದು ಆದೇಶಿಸಿತು. ಇದು ಕರ್ನಾಟಕದ ಅರ್ಧಕ್ಕಿಂತ ಹೆಚ್ಚಿನ ವಿಸ್ತೀರ್ಣ. ಅತಿ ಹೆಚ್ಚು ವೋಲ್ಟೇಜಿನ ಕೇಬಲ್‌ಗಳನ್ನು ಬಹುದೂರ ಹೂಳುವುದು ತಾಂತ್ರಿಕವಾಗಿ ಕಷ್ಟ, ವೆಚ್ಚ ಹಲವು ಪಟ್ಟು ಹೆಚ್ಚು, 2030ರೊಳಗೆ ಪಳೆಯುಳಿಕೆಯೇತರ ಮೂಲಗಳಿಂದ 500 ಗಿಗಾವಾಟ್ ಸಾಮರ್ಥ್ಯ ಸಾಧಿಸುವ ಗುರಿಗೆ ಧಕ್ಕೆಯಾಗುತ್ತದೆ ಎಂದು ಸರ್ಕಾರ ವಾದಿಸಿತು. 2024ರ ಮಾರ್ಚ್ 21ರ ತೀರ್ಪಿನಲ್ಲಿ ನ್ಯಾಯಾಲಯ ಆ ವ್ಯಾಪಕ ಆದೇಶವನ್ನು ಹಿಂಪಡೆದು, ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕನ್ನು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಗುರುತಿಸಿತು. ಇದರೊಂದಿಗೆ, ಗುಜರಾತಿನ ಗಿರ್ ಸಿಂಹಗಳಲ್ಲಿ ಕೆಲವನ್ನು ಬೇರೆಡೆಗೆ ಸ್ಥಳಾಂತರಿಸುವ ಕುರಿತ 2013ರ ತೀರ್ಪನ್ನೂ ಓದಿಕೊಳ್ಳಬೇಕು. ಅಲ್ಲಿ ಇದೇ ನ್ಯಾಯಾಲಯ ಮಾನವಕೇಂದ್ರಿತ ದೃಷ್ಟಿಯನ್ನು ಬಿಟ್ಟು, ಪ್ರಭೇದದ ಹಿತವನ್ನೇ ಅಳತೆಗೋಲಾಗಿ ಇಟ್ಟುಕೊಂಡಿತ್ತು.

ಇಲ್ಲಿ ಎರಡು ನೈತಿಕ ವಾದಗಳು ಎದುರುಬದುರಾಗುತ್ತವೆ. ತಾಪಮಾನ ಏರಿದರೆ ಅಸಂಖ್ಯಾತ ಜೀವಿಗಳು ಅಳಿಯುತ್ತವೆ, ಆದ್ದರಿಂದ ಹಲವನ್ನು ಉಳಿಸಲು ಒಂದರ ನಷ್ಟವನ್ನು ಸಹಿಸಬೇಕು ಎಂಬುದು ಫಲಾಫಲವನ್ನು ಕೂಡಿ ಕಳೆದು ನೋಡುವ ವಾದ. ಇದು ಟೊಳ್ಳು ಮಾತಲ್ಲ: ಆಸ್ಟ್ರೇಲಿಯಾದ ಬ್ರ್ಯಾಂಬಲ್ ಕೇ ಎಂಬ ಪುಟ್ಟ ನಡುಗಡ್ಡೆಯ ಮೆಲೊಮಿಸ್ ಎಂಬ ಇಲಿ, ಸಮುದ್ರದ ನೀರು ಮತ್ತೆಮತ್ತೆ ನುಗ್ಗಿ ಗಿಡಗಂಟಿಗಳು ನಾಶವಾದ್ದರಿಂದ ಇಲ್ಲವಾಯಿತು, ಮತ್ತು 2019ರಲ್ಲಿ ಅಲ್ಲಿನ ಸರ್ಕಾರ ಅದು ಅಳಿದುಹೋಯಿತೆಂದು ಘೋಷಿಸಿತು. ಇದಕ್ಕೆ ಪ್ರತಿಯಾಗಿ, ಮತ್ತೆಂದೂ ಮರಳಿ ತರಲಾಗದ ಒಂದು ಜೀವಕುಲವನ್ನು ಉಳಿದವರ ಒಳಿತಿಗೆ ಸಾಧನವಾಗಿ ಬಳಸುವ ಅಧಿಕಾರ ನಮಗಿಲ್ಲ ಎಂಬುದು ಇನ್ನೊಂದು ವಾದ.

ಈ ವಿಷಯವನ್ನು ಓದುತ್ತಿರುವ ನನ್ನ ಸಹಪಾಠಿಗಳು ಈ ಎರಡರಲ್ಲಿ ಒಂದನ್ನು ಆರಿಸಿಕೊಂಡು ಉತ್ತರ ಬರೆಯುವ ಆತುರಕ್ಕೆ ಬೀಳಬಾರದೆಂದು ನನ್ನ ಅನಿಸಿಕೆ. ನಿಜವಾದ ಧರ್ಮಸಂಕಟ ಇರುವುದು ಬೇರೆ ದಾರಿಯೇ ಇಲ್ಲದಾಗ. ಹಕ್ಕಿಗಳು ಹೆಚ್ಚಾಗಿ ಓಡಾಡುವ ಕಡೆ ಮಾತ್ರ ತಂತಿ ಹೂಳುವುದು, ಉಳಿದ ಮಾರ್ಗಗಳನ್ನು ಸುತ್ತಿಸಿ ಒಯ್ಯುವುದು ಸಾಧ್ಯವಿದ್ದರೆ, ಉಳಿಯುವುದು ಬಹುಮಟ್ಟಿಗೆ ಹಣದ ಪ್ರಶ್ನೆ. ಆ ಹಣವನ್ನು ವಿದ್ಯುತ್ ಬಳಸುವ ಕೋಟ್ಯಂತರ ಜನರ ನಡುವೆ ಹಂಚಬಹುದು, ಹಕ್ಕಿಯ ಸಾವನ್ನು ಹಾಗೆ ಹಂಚಲಾಗದು. ತಂತಿಗೆ ತೂಗುಹಾಕುವ, ಗಾಳಿಗೆ ತಿರುಗಿ ಮಿನುಗುವ ಬಿಲ್ಲೆಗಳು ಅಗ್ಗದ ಉಪಾಯವೇನೋ ಹೌದು, ಆದರೆ ಮುಂದೆ ನೋಡಲಾಗದ ಹಕ್ಕಿಗೆ ಅವುಗಳಿಂದ ಸಿಗುವ ರಕ್ಷಣೆ ಸೀಮಿತ.

ಇನ್ನೊಂದು ಸಂಗತಿ ನ್ಯಾಯಾಲಯಕ್ಕೆ ಬರುವ ಬಹಳ ಮೊದಲೇ ತೀರ್ಮಾನವಾಗಿಬಿಟ್ಟಿತ್ತು. ಎರೆಭೂತ ಬದುಕುವ ಹುಲ್ಲುಗಾವಲು ಸರ್ಕಾರಿ ದಾಖಲೆಗಳಲ್ಲಿ ಬಹುಪಾಲು ‘ಬಂಜರು’ ಎಂದೇ ಇದೆ. ಬಂಜರು ಎಂದಮೇಲೆ ಅಲ್ಲಿ ಕಳೆದುಕೊಳ್ಳುವುದೇನೂ ಇಲ್ಲವೆಂಬ ಭಾವನೆ ತಾನಾಗಿ ಬರುತ್ತದೆ. ಆದರೆ ಜೈಸಲ್ಮೇರ್‌ನ ಹಳ್ಳಿಗರು ದೇವರ ಹೆಸರಿನಲ್ಲಿ ಕಾಯ್ದುಕೊಂಡು ಬಂದ ‘ಓರಣ’ ಎಂಬ ಗೋಮಾಳಗಳೂ ಇಂಥ ನೆಲದಲ್ಲೇ ಇವೆ. ಅವುಗಳ ಮೇಲೆ ತಂತಿ ಹಾಯಿಸುವುದನ್ನು ಅವರು ವಿರೋಧಿಸಿದಾಗ ಹಕ್ಕಿಯ ಹಿತ ಮತ್ತು ಕುರಿ, ಒಂಟೆ ಸಾಕುವವರ ಹಿತ ಒಂದೇ ಆಗಿದ್ದವು. ನಗರದ ದೀಪಕ್ಕೆ ಬೇಕಾದ ಹೊರೆಯನ್ನು ಯಾರು ಹೊರುತ್ತಾರೆ ಎಂಬ ನ್ಯಾಯದ ಪ್ರಶ್ನೆಯನ್ನು ಪಠ್ಯಗಳು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಕೊನೆಯದಾಗಿ, ಸೆರೆಯಲ್ಲಿ ತಳಿ ಬೆಳೆಸುವ ಯೋಜನೆ. 2019ರಲ್ಲಿ ಜೈಸಲ್ಮೇರ್ ಬಳಿಯ ಸಮ್‌ನಲ್ಲಿ, ಬಯಲಿನಿಂದ ತಂದ ಮೊಟ್ಟೆಗಳಿಗೆ ಕೃತಕವಾಗಿ ಕಾವು ಕೊಟ್ಟು ಮರಿ ಮಾಡಿಸುವ ಕೆಲಸ ಶುರುವಾಯಿತು. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿ ಹುಟ್ಟಿತು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ತಾಯಿಯಿಂದ ಅದನ್ನು ಎತ್ತಿಕೊಳ್ಳುವುದು, ಮುಂದೊಂದು ದಿನ ಆ ಸಂತತಿಯನ್ನು ಬಯಲಿಗೆ ಬಿಡುತ್ತೇವೆಂಬ ಭರವಸೆಯ ಮೇಲೆ ಮಾತ್ರ ಸಮರ್ಥನೀಯ. ಬಿಡುವ ದಿನ ಆ ಬಯಲಿನ ಮೇಲೆ ತಂತಿಗಳು ಹಾಗೆಯೇ ಇದ್ದರೆ, ಮನುಷ್ಯರ ಕೈಯಲ್ಲಿ ಬೆಳೆದ ಹಕ್ಕಿಯೂ ಅದೇ ಕಣ್ಣುಗಳಿಂದ ಅದೇ ತಂತಿಯತ್ತ ಹಾರುತ್ತದೆ.