ಡೆಲ್ಟಾ ಫೈಲ್ ಬದುಕಬೇಕಾದದ್ದು ಕೆಲವೇ ನಿಮಿಷ

ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಕಂಪ್ಯೂಟರ್‌ಗಳನ್ನು (ವಿಎಂ) ನಡೆಸುವ ವಿಎಂವೇರ್‌ನಲ್ಲಿ ಒಂದು ವಿಎಂನ ಬ್ಯಾಕಪ್ ಶುರುವಾಗುವಾಗ ಮೊದಲು ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕಿನ ಆ ಕ್ಷಣದ ಸ್ಥಿರಚಿತ್ರ, ತೆಗೆಯಲಾಗುತ್ತದೆ. ಆ ಕ್ಷಣದಿಂದ ಡಿಸ್ಕಿಗೆ ಬೀಳುವ ಹೊಸ ಬರಹವೆಲ್ಲ ಪಕ್ಕದ ಡೆಲ್ಟಾ ಫೈಲಿಗೆ ಹೋಗುತ್ತದೆ. ವಿಎಂನ ಡಿಸ್ಕ್ ಆಗಿರುವ ಮೂಲ ವಿಎಂಡಿಕೆ ಫೈಲು ಬದಲಾಗದೆ ಉಳಿಯುವುದರಿಂದ ಬ್ಯಾಕಪ್ ಸಾಫ್ಟ್‌ವೇರ್ ಅದನ್ನು ನಿಶ್ಚಿಂತೆಯಿಂದ ಓದುತ್ತದೆ. ಆದರೆ 2 ಟಿಬಿ ಡಿಸ್ಕನ್ನು ಸೆಕೆಂಡಿಗೆ 200 ಎಂಬಿಯಂತೆ ಪೂರ್ತಿ ಓದಲು ಹೆಚ್ಚುಕಡಿಮೆ ಮೂರು ಗಂಟೆ ಬೇಕು. ಅಷ್ಟೂ ಹೊತ್ತು ಡೆಲ್ಟಾ ಬೆಳೆಯುತ್ತಲೇ ಇರುತ್ತದೆ.

ಪೆಟ್ಟು ಬೀಳುವುದು ಬ್ಯಾಕಪ್ ಮುಗಿದ ಮೇಲೆ. ಸ್ನ್ಯಾಪ್‌ಶಾಟ್ ಅಳಿಸುವಾಗ ಡೆಲ್ಟಾವನ್ನು ಮೂಲಕ್ಕೆ ಸೇರಿಸಬೇಕು, ಸೇರಿಸುತ್ತಿರುವಾಗಲೇ ಇನ್ನಷ್ಟು ಬರಹ ಬರುತ್ತದೆ, ಕೊನೆಯ ತುಣುಕಿಗಾಗಿ ವಿಎಂ ಅನ್ನು ಕ್ಷಣಕಾಲ ತಡೆದು ನಿಲ್ಲಿಸಲಾಗುತ್ತದೆ. ಬರಹ ಜೋರಾಗಿರುವ ಡೇಟಾಬೇಸ್ ಸರ್ವರ್‌ನಲ್ಲಿ ಈ ತಡೆ ಹಲವು ಸೆಕೆಂಡಿಗೆ ಹಿಗ್ಗಿದರೆ, ಕ್ಲಸ್ಟರ್‌ನ (ಜೊತೆಯಾಗಿ ದುಡಿಯುವ ಸರ್ವರ್ ಗುಂಪಿನ) ಇನ್ನೊಂದು ನೋಡ್ ಈ ಸರ್ವರ್ ಸತ್ತಿದೆಯೆಂದು ಬಗೆದು ಫೇಲ್‌ಓವರ್ ಮಾಡಿಬಿಡುತ್ತದೆ, ಅಂದರೆ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತದೆ.

ಸ್ಟೋರೇಜ್ ಸ್ನ್ಯಾಪ್‌ಶಾಟ್ ಬೇಕಾಗುವುದು ಇಲ್ಲಿಯೇ. ಅನುಕ್ರಮ ತಪ್ಪಬಾರದು: ಮೊದಲು ವಿಎಂ ಸ್ನ್ಯಾಪ್‌ಶಾಟ್, ಆಮೇಲೆ ಸ್ಟೋರೇಜ್ ಅರೇಯಲ್ಲಿ (ಹಲವು ಡಿಸ್ಕ್‌ಗಳ ಪೆಟ್ಟಿಗೆಯಲ್ಲಿ) ಆ ವಿಎಂ ಇರುವ ಲನ್‌ನ (ಅರೇ ಒಂದೇ ಡಿಸ್ಕಿನಂತೆ ತೋರಿಸುವ ಭಾಗದ) ಸ್ನ್ಯಾಪ್‌ಶಾಟ್, ಅದು ಆದ ಕೂಡಲೇ ವಿಎಂ ಸ್ನ್ಯಾಪ್‌ಶಾಟ್ ಅಳಿಸುವುದು. ಲನ್‌ನ ಸ್ನ್ಯಾಪ್‌ಶಾಟಿನಿಂದ ಕ್ಲೋನ್ ಮಾಡಿ ಬ್ಯಾಕಪ್ ಸರ್ವರ್‌ಗೆ ತೋರಿಸಿದರೆ, ಓದುವ ಕೆಲಸ ಮೂರು ಗಂಟೆ ಹಿಡಿದರೂ ಡೆಲ್ಟಾ ಬದುಕಿದ್ದದ್ದು ಕೆಲವು ನಿಮಿಷ ಮಾತ್ರ. ಬದಲಾದ ಬ್ಲಾಕ್‌ಗಳ ಪಟ್ಟಿಯನ್ನು, ಅಂದರೆ ಸಿಬಿಟಿ ಮಾಹಿತಿಯನ್ನು, ವಿಎಂ ಸ್ನ್ಯಾಪ್‌ಶಾಟ್ ಜೀವಂತವಿರುವಾಗಲೇ ಪಡೆದಿಟ್ಟುಕೊಳ್ಳಬೇಕು.

ಮೊದಲ ಹೆಜ್ಜೆಯನ್ನು ಬಿಟ್ಟು ನೇರವಾಗಿ ಲನ್‌ನ ಸ್ನ್ಯಾಪ್‌ಶಾಟ್ ತೆಗೆಯುವವರೂ ಇದ್ದಾರೆ. ಆಗ ಸಿಗುವುದು ಕರೆಂಟು ಹೋದ ಕ್ಷಣದ ಡಿಸ್ಕ್. ಡೇಟಾಬೇಸ್ ತನ್ನ ಲಾಗ್‌ನಿಂದ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಆದರೆ ಡೇಟಾ ಒಂದು ಲನ್‌ನಲ್ಲೂ ಲಾಗ್ ಇನ್ನೊಂದರಲ್ಲೂ ಇದ್ದು, ಎರಡರ ಸ್ನ್ಯಾಪ್‌ಶಾಟ್ ಬೇರೆಬೇರೆ ಕ್ಷಣದ್ದಾದರೆ ಆ ಭರವಸೆಯೂ ಇಲ್ಲ. ಅಂಥ ಲನ್‌ಗಳನ್ನು ಅರೇಯಲ್ಲಿ ಒಂದೇ ಕನ್ಸಿಸ್ಟೆನ್ಸಿ ಗ್ರೂಪಿಗೆ, ಅಂದರೆ ಒಂದೇ ಕ್ಷಣದಲ್ಲಿ ಸ್ನ್ಯಾಪ್‌ಶಾಟ್ ಆಗುವ ಗುಂಪಿಗೆ, ಸೇರಿಸಲೇಬೇಕು. ವಿಂಡೋಸ್‌ನಲ್ಲಿ ಸ್ನ್ಯಾಪ್‌ಶಾಟಿಗೆ ಮುನ್ನ ಡೇಟಾಬೇಸನ್ನು ಸುಸ್ಥಿತಿಗೆ ತರುವುದು ವಿಎಸ್‌ಎಸ್ ಎಂಬ ಸೇವೆ. ಅದು ಬರಹವನ್ನು ತಡೆಹಿಡಿಯಬಲ್ಲದ್ದು ಸುಮಾರು 10 ಸೆಕೆಂಡ್ ಮಾತ್ರ, ಹಾಗಾಗಿ ಡಿಸ್ಕ್ ಉಸಿರುಗಟ್ಟಿರುವ ಹೊತ್ತಿನಲ್ಲಿ ಬ್ಯಾಕಪ್ ಇಟ್ಟರೆ ಈ ಹಂತವೇ ವಿಫಲವಾಗುತ್ತದೆ. ಲಿನಕ್ಸ್‌ನಲ್ಲಿ ಇದಕ್ಕಾಗಿ ಪ್ರೀ-ಫ್ರೀಜ್ (ಬರಹ ತಡೆಯುವ ಮುಂಚಿನ) ಮತ್ತು ಪೋಸ್ಟ್-ಥಾ (ಬಿಟ್ಟ ನಂತರದ) ಸ್ಕ್ರಿಪ್ಟ್‌ಗಳನ್ನು ನೀವೇ ಬರೆಯಬೇಕು. ಫಿಸಿಕಲ್ ಮೋಡ್‌ನ ಆರ್‌ಡಿಎಂ ಡಿಸ್ಕ್‌ಗಳಿಗೂ (ವಿಎಂಗೆ ನೇರವಾಗಿ ಕೊಟ್ಟ ಲನ್‌ಗಳಿಗೂ) ಸ್ನ್ಯಾಪ್‌ಶಾಟಿನಿಂದ ಹೊರಗಿಟ್ಟ ಇಂಡಿಪೆಂಡೆಂಟ್ ಡಿಸ್ಕ್‌ಗಳಿಗೂ ವಿಎಂ ಸ್ನ್ಯಾಪ್‌ಶಾಟ್ ಅನ್ವಯಿಸುವುದಿಲ್ಲ. ಅವುಗಳಿಗೆ ಬೇರೆ ದಾರಿ ಹುಡುಕಿ.

ಒಂದೇ ಲನ್‌ನಲ್ಲಿ 40 ವಿಎಂಗಳಿದ್ದರೆ, ಅಷ್ಟರದ್ದೂ ಸ್ನ್ಯಾಪ್‌ಶಾಟ್ ಆಗುವವರೆಗೆ ಮೊದಲನೆಯದರ ಡೆಲ್ಟಾ ಕಾಯುತ್ತಿರುತ್ತದೆ. ಹತ್ತು ಹತ್ತರ ಗುಂಪು ಮಾಡುವುದು ಲೇಸು.

ಜಾಗದ ಲೆಕ್ಕವನ್ನು ಮೊದಲೇ ಹಾಕಿ. 5 ಟಿಬಿ ಲನ್‌ನಲ್ಲಿ ದಿನಕ್ಕೆ ನೂರಕ್ಕೆ 4ರಷ್ಟು ಬದಲಾದರೆ 200 ಜಿಬಿ. ಏಳು ದಿನದ ಸ್ನ್ಯಾಪ್‌ಶಾಟ್ ಇಟ್ಟುಕೊಳ್ಳಲು 1.4 ಟಿಬಿವರೆಗೂ ಬೇಕಾದೀತು. ವಾರಕ್ಕೊಮ್ಮೆ ಡೇಟಾಬೇಸಿನ ಇಂಡೆಕ್ಸ್ ರೀಬಿಲ್ಡ್ ನಡೆದು ಬರಹ ಹೆಚ್ಚುವ ರಾತ್ರಿ ಈ ಲೆಕ್ಕ ತಲೆಕೆಳಗಾಗುತ್ತದೆ. ಜಾಗ ತುಂಬಿದಾಗ ಕೆಲವು ಅರೇಗಳು ಹಳೆಯ ಸ್ನ್ಯಾಪ್‌ಶಾಟ್ ಅಳಿಸುತ್ತವೆ, ಕೆಲವು ಲನ್ ಅನ್ನೇ ಆಫ್‌ಲೈನ್ ಮಾಡುತ್ತವೆ. ನಿಮ್ಮದು ಏನು ಮಾಡುತ್ತದೆ ಎಂದು ಕೈಪಿಡಿಯಲ್ಲಿ ಇಂದೇ ನೋಡಿ, ನೂರಕ್ಕೆ 70 ದಾಟಿದರೆ ಎಚ್ಚರಿಕೆ ಬರುವಂತೆ ಮಾಡಿ. ಹೇಗೂ ಅರೇಯಲ್ಲಿ ಉಳಿದ ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ: ಅದು ಕೂತಿರುವುದು ಅದೇ ಡಿಸ್ಕ್‌ಗಳ ಮೇಲೆ, ಅದೇ ಅಡ್ಮಿನ್ ಪಾಸ್‌ವರ್ಡಿನ ಕೆಳಗೆ. ಡೇಟಾದ ನಕಲು ಬೇರೆ ಪೆಟ್ಟಿಗೆಗೆ ಹೋಗಬೇಕು.

ಬ್ಯಾಕಪ್ ಸರ್ವರ್ ವಿಂಡೋಸ್ ಆಗಿದ್ದರೆ ಹೊಸ ಡಿಸ್ಕನ್ನು ತಾನಾಗಿ ಜೋಡಿಸಿಕೊಳ್ಳುವ ಆಟೋಮೌಂಟ್ ಮೊದಲೇ ನಿಲ್ಲಿಸಿ. ವಿಂಡೋಸ್‌ಗೆ ವಿಎಂವೇರ್‌ನ ಫೈಲ್ ಸಿಸ್ಟಂ ಆದ ವಿಎಂಎಫ್‌ಎಸ್ ಅರ್ಥವಾಗದೆ, ಡಿಸ್ಕ್ ಇನಿಶಿಯಲೈಸ್ ಮಾಡಲೇ (ಹೊಸದಾಗಿ ಸಿದ್ಧಪಡಿಸಲೇ) ಎಂದು ಕೇಳುತ್ತದೆ. ಮೂಲ ಲನ್ ಕೂಡ ಆ ಸರ್ವರ್‌ಗೆ ಕಾಣುತ್ತಿದ್ದು ಯಾರೋ ಓಕೆ ಒತ್ತಿದರೆ ವಿಎಂಗಳ ಫೈಲುಗಳಿರುವ ಡೇಟಾಸ್ಟೋರ್ ಹೋಯಿತು. ಆದ್ದರಿಂದ ಕ್ಲೋನ್ ಮಾತ್ರ ಕಾಣಿಸಿ. ಅದೇ ಕ್ಲೋನನ್ನು ವಿಎಂಗಳನ್ನು ನಡೆಸುವ ಇಎಸ್‌ಎಕ್ಸ್‌ಐ ಹೋಸ್ಟಿಗೆ ಕೊಟ್ಟು ಪರೀಕ್ಷಿಸುವಾಗ ಹೊಸ ಸಹಿ ಹಾಕಿಸಿ, ಅಂದರೆ ರೀಸಿಗ್ನೇಚರ್ ಮಾಡಿ. ವಿಎಂ ಅನ್ನು ನೆಟ್‌ವರ್ಕ್ ಕಾರ್ಡ್ ಬಿಚ್ಚಿಯೇ ಬೂಟ್ ಮಾಡಿ, ಇಲ್ಲದಿದ್ದರೆ ಒಂದೇ ಐಪಿಯ ಎರಡು ಸರ್ವರ್‌ಗಳು ಎದುರುಬದುರಾಗುತ್ತವೆ.

ಬೆಳಿಗ್ಗೆ ಜಾಬ್ ಹಸಿರು ತೋರಿಸಿದರೂ ಒಂದನ್ನು ಕಣ್ಣಾರೆ ನೋಡಿ: ಯಾವ ವಿಎಂ ಮೇಲಾದರೂ ಕನ್ಸಾಲಿಡೇಷನ್ (ಡೆಲ್ಟಾವನ್ನು ಮೂಲಕ್ಕೆ ಸೇರಿಸುವುದು) ಬೇಕೆಂಬ ಸೂಚನೆ ಇದೆಯೇ? ಇದ್ದರೆ ಅಲ್ಲೊಂದು ಡೆಲ್ಟಾ ಇನ್ನೂ ಬೆಳೆಯುತ್ತಿದೆ.