ಬುದ್ಧಿಗೇಡಿಯಾಗಿ ಹುಟ್ಟಿದ ‘ನೈಸ್’

ನ್ಯಾಯಾಲಯದ ತೀರ್ಪುಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಈಚೆಗೆ ನಮ್ಮ ಜೊತೆ ಸೇರಿದ ಯುವ ಅನುವಾದಕಿಯೊಬ್ಬರ ಕರಡನ್ನು ತಿದ್ದುವಾಗ ‘ಇಲ್ಲಿ ಕಾನೂನಿನ ಒಂದು ಒಳ್ಳೆಯ ಪ್ರಶ್ನೆ ಎದ್ದಿದೆ’ ಎಂಬ ವಾಕ್ಯ ಕಣ್ಣಿಗೆ ಬಿತ್ತು. ಮೂಲದಲ್ಲಿ ಇದ್ದದ್ದು ‘ನೈಸ್ ಕ್ವೆಶ್ಚನ್ ಆಫ್ ಲಾ’. ನ್ಯಾಯಮೂರ್ತಿಗಳು ಆ ಪ್ರಶ್ನೆಯನ್ನು ಮೆಚ್ಚಿಕೊಂಡಿರಲಿಲ್ಲ. ಅದು ಎಳೆ ಎಳೆಯಾಗಿ ಬಿಡಿಸಬೇಕಾದ ಪ್ರಶ್ನೆ, ತೂಕ ಯಾವ ಕಡೆಗೂ ವಾಲಬಹುದು ಎಂದಿದ್ದರು. ಆಕೆಯನ್ನು ಆಕ್ಷೇಪಿಸಲು ನನಗೆ ಮನಸ್ಸಾಗಲಿಲ್ಲ. ಮೂರನೆಯ ತರಗತಿಯಲ್ಲೇ ಕಲಿತ ಪದವನ್ನು ನಿಘಂಟಿನಲ್ಲಿ ಯಾರು ಹುಡುಕುತ್ತಾರೆ?

ಆದರೆ ಹುಡುಕಬೇಕಾದದ್ದು ಇಂಥ ಪದಗಳನ್ನೇ. ‘ನೈಸ್’ನ ಬೇರು ಲ್ಯಾಟಿನ್ನಿನ ‘ನೆಸ್ಕಿಯುಸ್’, ಅಂದರೆ ಏನೂ ತಿಳಿಯದವನು. ‘ಸ್ಕೀರೆ’ ಎಂದರೆ ತಿಳಿಯುವುದು. ‘ಸೈನ್ಸ್’ ಹುಟ್ಟಿದ್ದೂ ಅದರಿಂದಲೇ. ಹಳೆಯ ಫ್ರೆಂಚಿನ ಮೂಲಕ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ ಇದು ಬೈಗುಳ. ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಚಾಸರ್ ಬರೆದ ‘ನೈಸ್’ ಎಂದರೆ ದಡ್ಡ, ಬುದ್ಧಿಗೇಡಿ.

ಅಲ್ಲಿಂದ ಪದ ಹಿಡಿದ ದಾರಿ ನೇರವಾದದ್ದಲ್ಲ. ಲಂಪಟ, ನಾಚಿಕೆಯ ಸ್ವಭಾವದವನು, ಸಣ್ಣ ಸಣ್ಣದಕ್ಕೂ ಕೊಸರಾಡುವವನು, ನಾಜೂಕಿನವನು, ಕೂದಲೆಳೆಯ ವ್ಯತ್ಯಾಸವನ್ನೂ ಗುರುತಿಸುವವನು: ಎಲ್ಲರೂ ಒಂದೊಂದು ಕಾಲಕ್ಕೆ, ಕೆಲವೊಮ್ಮೆ ಒಂದೇ ಕಾಲಕ್ಕೆ, ‘ನೈಸ್’ ಆಗಿದ್ದರು. ಶೇಕ್ಸ್‌ಪಿಯರನ ‘ರೋಮಿಯೊ ಅಂಡ್ ಜೂಲಿಯೆಟ್’ನಲ್ಲಿ ರೋಮಿಯೊನ ಗೆಳೆಯ ಬೆನ್ವೋಲಿಯೊ, ಎದುರಾಳಿ ಮನೆತನದ ಟೈಬಾಲ್ಟ್ ತೆಗೆದ ಜಗಳವನ್ನು ‘ನೈಸ್’ ಎನ್ನುತ್ತಾನೆ. ಕ್ಷುಲ್ಲಕವಾದದ್ದು ಎಂದು ಅವನ ಮಾತಿನ ಅರ್ಥ. ಹದಿನಾರು, ಹದಿನೇಳನೆಯ ಶತಮಾನಗಳ ಎಷ್ಟೋ ವಾಕ್ಯಗಳಲ್ಲಿ ಬರೆದವರ ಮನಸ್ಸಿನಲ್ಲಿ ಯಾವ ಅರ್ಥವಿತ್ತೆಂದು ಹೇಳುವುದು ಕಷ್ಟವೆಂದು ಆಕ್ಸ್‌ಫರ್ಡ್ ನಿಘಂಟೇ ಒಪ್ಪಿಕೊಂಡಿದೆ. ಇಂದಿನ ‘ಹಿತವಾದ’ ಎಂಬ ಅರ್ಥ ನೆಲೆಯೂರಿದ್ದು ಹದಿನೆಂಟನೆಯ ಶತಮಾನದಲ್ಲಿ. 1817ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟಿನ್ ಅವರ ‘ನಾರ್ದಾಂಗರ್ ಆ್ಯಬಿ’ ಕಾದಂಬರಿಯಲ್ಲಿ ನಾಯಕ ಹೆನ್ರಿ ಟಿಲ್ನಿ, ಈಗ ಪ್ರತಿಯೊಂದು ಹೊಗಳಿಕೆಗೂ ಇದೊಂದೇ ಪದವಾಗಿಬಿಟ್ಟಿದೆ ಎಂದು ನಾಯಕಿ ಕ್ಯಾಥರೀನಳನ್ನು ಛೇಡಿಸುತ್ತಾನೆ.

ದಡ್ಡತನದಿಂದ ಹಿತದವರೆಗಿನ ಈ ನಡಿಗೆ ನಮಗೆ ತೀರಾ ಅಪರಿಚಿತವೇನಲ್ಲ. ‘ಮೂಢ’, ‘ಮುಗ್ಧ’ ಎರಡೂ ಸಂಸ್ಕೃತದ ‘ಮುಹ್’ ಎಂಬ ಒಂದೇ ಧಾತುವಿನಿಂದ ಬಂದವು. ಒಂದು ದಡ್ಡನಾಗಿಯೇ ಉಳಿಯಿತು, ಇನ್ನೊಂದು ಮಗುವಿನ ಮುಖಕ್ಕೆ ಒಪ್ಪುವ ಮಾತಾಯಿತು. ನನಗೆ ಇದಕ್ಕಿಂತಲೂ ಪ್ರಿಯವಾದದ್ದು ನಮ್ಮ ಅಡುಗೆಮನೆಯ ‘ನೈಸ್’. ‘ಹಿಟ್ಟನ್ನು ನೈಸಾಗಿ ರುಬ್ಬಿ’ ಎನ್ನುವಾಗ ಯಾರೂ ಅದನ್ನು ಹೊಗಳುತ್ತಿಲ್ಲ. ತರಿ ಉಳಿಯಬಾರದು ಎನ್ನುತ್ತಿದ್ದಾರೆ. ಬಟ್ಟೆಯೂ ನೈಸು, ಪುಸಲಾಯಿಸುವ ಮಾತೂ ನೈಸು. ಇಂಗ್ಲಿಷಿನ ಆಡುಮಾತಿನಲ್ಲಿ ಮಸುಕಾದ ನವಿರಿನ ಅರ್ಥ ನಮ್ಮ ಅಡುಗೆಮನೆಯಲ್ಲಿ ದಿನವೂ ಓಡಾಡುತ್ತಿದೆ. ನ್ಯಾಯಾಲಯದ ಇಂಗ್ಲಿಷಿನಲ್ಲೂ ಅದು ಬದುಕಿದೆ, ಏಕೆಂದರೆ ಅಲ್ಲಿ ಹಳೆಯ ತೀರ್ಪುಗಳನ್ನು ಉದ್ಧರಿಸುತ್ತಲೇ ಹೊಸ ತೀರ್ಪುಗಳನ್ನು ಬರೆಯುತ್ತಾರೆ.

ಕರಡಿನಲ್ಲಿ ‘ಒಳ್ಳೆಯ’ ಎಂಬುದನ್ನು ಹೊಡೆದು ‘ಸೂಕ್ಷ್ಮ’ ಎಂದು ಬರೆದೆ. ಬರೆದ ಮೇಲೆ ಕೈ ನಿಂತಿತು. ಪತ್ರಿಕೆಗಳಲ್ಲಿ ‘ಸೂಕ್ಷ್ಮ ಪ್ರದೇಶ’, ‘ಸೂಕ್ಷ್ಮ ಮತಗಟ್ಟೆ’ ಎಂದು ನಿತ್ಯ ಓದುವವರಿಗೆ ‘ಸೂಕ್ಷ್ಮ ಪ್ರಶ್ನೆ’ ಎಂದರೆ ಗಲಭೆ ಎಬ್ಬಿಸುವ ಪ್ರಶ್ನೆ ಎನಿಸಬಹುದು. ಆ ಪದವೂ ನಮ್ಮ ಕಣ್ಣೆದುರೇ ಸರಿಯುತ್ತಿದೆ. ಇಬ್ಬರೂ ಕುಳಿತು ಯೋಚಿಸಿ, ಕೊನೆಗೆ ‘ಬಹಳ ಸೂಕ್ಷ್ಮವಾಗಿ ಬಿಡಿಸಬೇಕಾದ ಪ್ರಶ್ನೆ’ ಎಂದು ಉದ್ದ ಮಾಡಿಯೇ ಬರೆದೆವು.