ಚಾವಣಿ ಹೋದ ಅರಮನೆ, ಬಾಗಿಲಲ್ಲೇ ನಿಂತ ಕ್ಯಾಮೆರಾ

ಒಂದು ರವಿವಾರ ಬೆಳಗ್ಗೆ ವಿಜಯಪುರದ ಗಗನ ಮಹಲಿನ ಮುಂದೆ ಕೂತಿದ್ದೆ. ಮದುವೆ ನಿಶ್ಚಯವಾದ ಜೋಡಿಯೊಂದು ಫೋಟೊ ತೆಗೆಸಿಕೊಳ್ಳಲು ಬಂದಿತ್ತು. ಹುಡುಗಿ ಇಳಕಲ್ ಸೀರೆ ಉಟ್ಟಿದ್ದಳು. ಹುಡುಗ ಹೊಸ ಶೇರವಾನಿಯ ಗುಂಡಿ ಮತ್ತೆ ಮತ್ತೆ ಸರಿ ಮಾಡಿಕೊಳ್ಳುತ್ತಿದ್ದ. ಫೋಟೊಗ್ರಾಫರ್ ಹುಲ್ಲಿನ ಮೇಲೆ ಬೋರಲು ಮಲಗಿ, ನಡುವಿನ ದೊಡ್ಡ ಕಮಾನು ಪೂರ್ತಿ ಸಿಗಲಿ ಎಂದು ತೆವಳುತ್ತಾ ಹಿಂದೆ ಸರಿಯುತ್ತಿದ್ದ.

"ಒಳಗ ಏನದರೀ ಇಲ್ಲಿ?" ಎಂದು ಹುಡುಗಿ ಕೇಳಿದಳು.

"ಒಳಗ ಏನೂ ಇಲ್ರೀ ಅಕ್ಕಾರ. ಬರೇ ಕಮಾನ ಅದ. ನೀವು ಇಲ್ಲೇ ನಿಂದರ್ರಿ."

ಅವನು ಹೇಳಿದ್ದು ಸುಳ್ಳಲ್ಲ. ಆದರೆ ಆ ಮಾತು ಮನೆಗೆ ಬಂದ ಮೇಲೂ ತಲೆಯಿಂದ ಇಳಿಯಲಿಲ್ಲ. ಸಿನಿಮಾ ಇರಲಿ, ಸೀರಿಯಲ್ ಇರಲಿ, ಆಲ್ಬಂ ಹಾಡು ಇರಲಿ, ನಮ್ಮೂರಿನ ಅರಮನೆಗಳ ಮುಂದೆ ನಿಲ್ಲುವ ಕ್ಯಾಮೆರಾಗೆ ಸಿಗುವುದು ಹೊರಗೋಡೆ ಮಾತ್ರ. ಒಳಗೆ ಯಾಕೆ ಏನೂ ಇಲ್ಲ? ಇದಕ್ಕೆ ಮುನ್ನೂರು ವರ್ಷಕ್ಕೂ ಜಾಸ್ತಿ ಉದ್ದದ ಕಥೆ ಇದೆ.

ಮೊದಲು ಒಂದು ಮಾತು. ಕನ್ನಡ ಪ್ರೇಕ್ಷಕರಿಗೆ ಅರಮನೆ ಅಂದ ಕೂಡಲೇ ಕಣ್ಣಿಗೆ ಬರುವುದು ಮೈಸೂರು. ಮೇಲಿನಿಂದ ಇಳಿಬಿದ್ದ ದೀಪದ ಗೊಂಚಲು, ಎರಡು ಕಡೆಯಿಂದ ತಿರುಗಿ ಬರುವ ಮೆಟ್ಟಿಲು, ಹೊಳೆಯುವ ನೆಲ, ಕೆಂಪು ಮಖಮಲ್ಲಿನ ಸಿಂಹಾಸನ. ಇದಕ್ಕೆ ಕಾರಣ ಇದೆ. ಕನ್ನಡ ಸಿನಿಮಾ ಮೊದಲು ಬೆಳೆದಿದ್ದು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲಿ. ಆಗ ರಾಜನ ದರ್ಬಾರು ಅಂದರೆ ಪ್ಲೈವುಡ್ಡು, ಬಣ್ಣ, ಪ್ಲಾಸ್ಟರ್ ಆಫ್ ಪ್ಯಾರಿಸ್. ನಂತರ ಚಿತ್ರರಂಗ ಬೆಂಗಳೂರು, ಮೈಸೂರುಗಳಿಗೆ ಬಂತು. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 145 ಕಿಲೋಮೀಟರ್. ವಿಜಯಪುರಕ್ಕೆ 500 ಕಿಲೋಮೀಟರಿಗೂ ಜಾಸ್ತಿ. ಕಲಾವಿದರು, ಲೈಟಿನವರು, ಅಡುಗೆಯವರು, ಜನರೇಟರ್ ಗಾಡಿ ಎಲ್ಲವನ್ನೂ ಅಷ್ಟು ದೂರ ತರುವ ಖರ್ಚು ನಿರ್ಮಾಪಕರಿಗೆ ಸಣ್ಣದಲ್ಲ.

ಇನ್ನೊಂದು ಕಾರಣ ಇನ್ನೂ ದೊಡ್ಡದು. ಮೈಸೂರಿನ ಅರಮನೆಗಳು ವಯಸ್ಸಿನಲ್ಲಿ ಚಿಕ್ಕವು. ಈಗಿನ ಅಂಬಾವಿಲಾಸ ಅರಮನೆ ಮುಗಿದಿದ್ದು 1912ರಲ್ಲಿ. ಅದಕ್ಕೂ ಹಿಂದಿನ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿತ್ತು. ಲಲಿತ ಮಹಲ್ ಕಟ್ಟಲು ಶುರುಮಾಡಿದ್ದು 1921ರಲ್ಲಿ, ಅದು ಹೋಟೆಲ್ ಆಗಿದ್ದು 1974ರಲ್ಲಿ. ಅಲ್ಲಿ ಕರೆಂಟ್ ಇದೆ, ಕುರ್ಚಿ ಮೇಜು ಇವೆ, ಚಾವಣಿ ಇದೆ. ನಮ್ಮ ಗಗನ ಮಹಲಿಗೆ 460 ವರ್ಷ ದಾಟಿದೆ.

ಇಲ್ಲಿನ ಸುಲ್ತಾನ ಒಂದನೇ ಅಲಿ ಆದಿಲ್ ಶಾಹ್ 1561ರ ಹೊತ್ತಿಗೆ ಇದನ್ನು ಕಟ್ಟಿಸಿದ. ವಿಜಯನಗರ ಸೋತ ರಕ್ಕಸತಂಗಡಿ ಯುದ್ಧ ಆಗಿದ್ದು 1565ರಲ್ಲಿ. ಅಂದರೆ ವಿಜಯನಗರ ಇನ್ನೂ ಗಟ್ಟಿಯಾಗಿ ನಿಂತಿದ್ದಾಗಲೇ ಇಲ್ಲಿ ಈ ಕಮಾನು ಎದ್ದಿತ್ತು. ಎದುರಿಗೆ ನಿಂತು ನೋಡಿದರೆ ಮೂರು ಕಮಾನುಗಳು. ನಡುವಿನದು ಬಹಳ ಅಗಲ, ಸುಮಾರು 60 ಅಡಿ. ಆಚೆ ಈಚೆ ಇರುವ ಎರಡು ಕಿರಿದು. ಆದರೆ ಎತ್ತರದಲ್ಲಿ ಅವೂ ನಡುವಿನದಕ್ಕೆ ಸರಿಸಮ ನಿಲ್ಲುತ್ತವೆ. ಈ ಅಗಲಕ್ಕೆ ಅರ್ಥವಿತ್ತು. ಕೆಳಗಿನದು ದರ್ಬಾರಿನ ಜಾಗ. ಮುಂದಿನ ಬಯಲಲ್ಲಿ ನಿಂತ ಜನರಿಗೆ ಒಳಗೆ ಕೂತ ಸುಲ್ತಾನ ಕಾಣಬೇಕು, ಸುಲ್ತಾನನಿಗೆ ಜನ ಕಾಣಬೇಕು, ನಡುವೆ ಒಂದು ಕಂಬವೂ ಅಡ್ಡ ಬರಬಾರದು. ಮೇಲಿನ ಅಂತಸ್ತಿನಲ್ಲಿ ರಾಜಮನೆತನದ ವಾಸ. ಇವತ್ತು ಕ್ಯಾಮೆರಾಮನ್‌ಗಳು ಎಲ್ಲಿ ನಿಂತು ಫ್ರೇಮ್ ಇಡುತ್ತಾರೋ, ಸುಮಾರು ಅಲ್ಲಿಯೇ ಅಂದಿನ ಜನ ನಿಂತಿರಬೇಕು. ಈ ಕಟ್ಟಡವನ್ನು ಮೊದಲಿನಿಂದಲೂ ಎದುರಿನಿಂದ ನೋಡಲೆಂದೇ ಕಟ್ಟಿದ್ದು.

ಗೋಡೆ, ಕಮಾನು ಕಲ್ಲು ಗಾರೆಯದು. ಆದರೆ ಕಂಬ, ತೊಲೆ, ಮಹಡಿಯ ನೆಲ, ಚಾವಣಿ ಎಲ್ಲ ಮರದ್ದು. ಅರಮನೆಯ ಹಣೆಬರಹ ನಿಂತಿದ್ದು ಇದರ ಮೇಲೆಯೇ. ಗೋಳಗುಮ್ಮಟ ಪೂರ್ತಿ ಗೋಡೆ ಗುಮ್ಮಟದ ಕಟ್ಟಡ, ಆದ್ದರಿಂದ ಉಳಿಯಿತು. ಅರಮನೆಗೆ ಮರ ಬೇಕಿತ್ತು. ಮರ ಬಿಚ್ಚಿಕೊಂಡು ಹೋಗಬಹುದು, ಸುಡಬಹುದು, ಗೆದ್ದಲು ತಿನ್ನಬಹುದು. ನಮ್ಮಲ್ಲಿ ಗೋರಿಗಳು ಉಳಿದು ಅರಮನೆಗಳು ಹೋದದ್ದು ಹೀಗೆ.

1686ರ ಸೆಪ್ಟೆಂಬರಿನಲ್ಲಿ ನಗರ ಔರಂಗಜೇಬನ ಕೈಗೆ ಬಿತ್ತು. ಕೊನೆಯ ಸುಲ್ತಾನ ಸಿಕಂದರ್ ಆಗಿನ್ನೂ ಹದಿಹರೆಯದ ಹುಡುಗ. ಅವನನ್ನು ಬೆಳ್ಳಿಯ ಸರಪಳಿ ಹಾಕಿ ಇದೇ ಗಗನ ಮಹಲಿಗೆ ತಂದರು ಎಂದು ಊರಲ್ಲಿ ಇವತ್ತಿಗೂ ಹೇಳುತ್ತಾರೆ. ನಮ್ಮ ಗೈಡ್‌ಗಳು ಈ ಜಾಗಕ್ಕೆ ಬಂದಾಗ ದನಿ ತಗ್ಗಿಸುತ್ತಾರೆ. ನಾನು ಎಷ್ಟೋ ಸಲ ಕೇಳಿದ್ದೇನೆ, ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ರಾಜ ಹೋದ ಮೇಲೆ ಅರಮನೆಗೆ ಕೆಲಸವಿಲ್ಲ. ಮರಮುಟ್ಟು ಹೋಯಿತು, ಚಾವಣಿ ಇಳಿಯಿತು, ಮೇಲಿನ ಮನೆ ಇಲ್ಲವಾಯಿತು. ಎರಡನೇ ಇಬ್ರಾಹಿಂ 1583ರಲ್ಲಿ ಕಟ್ಟಿಸಿದ ಸಾತ್ ಮಂಜಿಲ್ ಹೆಸರಿಗೆ ಏಳಂತಸ್ತು. ಈಗ ಉಳಿದಿರುವುದು ಐದು. ಅದರ ಎದುರಿನ ಜಲ ಮಂಜಿಲ್ ನೀರಿನ ನಡುವೆ ಇರಲೆಂದು ಕಟ್ಟಿದ ಪುಟ್ಟ ಮಂಟಪ. ಈಗ ಅದರ ಪಕ್ಕ ನೀರಿಲ್ಲ, ರಸ್ತೆ ಇದೆ.

ನಂತರ ಬಂದವರು ಬ್ರಿಟಿಷರು. ಜಿಲ್ಲಾ ಕೇಂದ್ರ ಮೊದಲು ಈಗಿನ ಬಾಗಲಕೋಟೆ ಜಿಲ್ಲೆಯ ಕಲಾದಗಿಯಲ್ಲಿತ್ತು. 1885ರಲ್ಲಿ ಅದನ್ನು ಬಿಜಾಪುರಕ್ಕೆ ತಂದರು. ರೈಲು ಅದಕ್ಕಿಂತ ಸ್ವಲ್ಪ ಮೊದಲೇ ಬಂದಿತ್ತು. ಕಚೇರಿಗಳಿಗೆ ಹೊಸ ಕಟ್ಟಡ ಕಟ್ಟುವ ಬದಲು ಇದ್ದ ಅರಮನೆಗಳನ್ನೇ ರಿಪೇರಿ ಮಾಡಿಕೊಂಡರು. ಚೀನಿ ಮಹಲ್ ಸರ್ಕಾರಿ ಕಚೇರಿಯಾಯಿತು. ಆನಂದ ಮಹಲ್ ಅಧಿಕಾರಿಗಳ ಮನೆಯಾಯಿತು, ಅದರ ಮುಖವೇ ಬದಲಾಯಿತು. ಮಸೀದಿಗಳನ್ನೂ ಬಿಡಲಿಲ್ಲ. ಒಂದು ಮಸೀದಿಯಲ್ಲಿ ಪ್ರವಾಸಕ್ಕೆ ಬಂದ ಅಧಿಕಾರಿಗಳು ತಂಗುವ ಡಾಕ್ ಬಂಗ್ಲೆ ಇತ್ತು, ಇನ್ನೊಂದಕ್ಕೆ ಅಂಚೆ ಕಚೇರಿ ಅಂಟಿಕೊಂಡಿತ್ತು. ವೈಸರಾಯ್ ಕರ್ಜನ್ 1904ರ ತನ್ನ ಭಾಷಣವೊಂದರಲ್ಲಿ ಬಿಜಾಪುರದ ಹೆಸರು ಹಿಡಿದೇ ಈ ವಿಷಯ ಎತ್ತಿ, ಆ ಡಾಕ್ ಬಂಗ್ಲೆಯನ್ನು ತೆರವು ಮಾಡಿಸಿದ್ದನ್ನೂ ಅಂಚೆ ಕಚೇರಿಯನ್ನು ಕೆಡವಿಸಿದ್ದನ್ನೂ ಹೇಳಿದ. ಅದೇ ವರ್ಷ ಸ್ಮಾರಕ ರಕ್ಷಣೆಯ ಕಾನೂನು ಬಂತು.

ಕಚೇರಿ ಮಾಡಿದ್ದು ತಪ್ಪೇ ಎಂದು ಕೇಳಿದರೆ ನನ್ನ ಉತ್ತರ ನೇರವಾಗಿಲ್ಲ. ಗುಮಾಸ್ತರು ಕೂತ ಕಟ್ಟಡದ ಚಾವಣಿ ಸೋರಿದರೆ ಯಾರಾದರೂ ರಿಪೇರಿ ಮಾಡಿಸುತ್ತಾರೆ. ಆದ್ದರಿಂದ ಆ ಕಟ್ಟಡಗಳು ನಿಂತವು. ಆದರೆ ಒಳಗಿನ ಚಿತ್ರಗಾರೆ, ಕೋಣೆಗಳ ಹಳೆಯ ಅಳತೆ, ಬೆಳಕು ಬರುವ ದಾರಿ ಹೋದವು. ಯಾರೂ ಬಳಸದ ಗಗನ ಮಹಲಿನ ಚಾವಣಿ ಹೋಯಿತು, ಆದರೆ ಮುಖ ಉಳಿಯಿತು. ಎರಡರಲ್ಲಿ ಯಾವುದು ಜಾಸ್ತಿ ನಷ್ಟ ಅಂತ ತೂಗಿ ನೋಡಲು ನನಗೆ ಇನ್ನೂ ಆಗಿಲ್ಲ.

ಬೆಳಗಾವಿ ಜಿಲ್ಲೆಯ ಕಿತ್ತೂರಿನ ಕಥೆ ಇನ್ನೂ ನೋವಿನದು. 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಸೈನ್ಯ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯನ್ನು ಹೊಡೆದುರುಳಿಸಿತು. ಡಿಸೆಂಬರ್ ಹೊತ್ತಿಗೆ ಕೋಟೆ ಬ್ರಿಟಿಷರ ಪಾಲಾಯಿತು. ಈಗ ಅರಮನೆಯದು ತಳಪಾಯ, ಮೊಂಡು ಗೋಡೆಗಳು, ಸ್ನಾನದ ತೊಟ್ಟಿಗಳು ಮಾತ್ರ. 1961ರಲ್ಲಿ ಬಿ.ಆರ್. ಪಂತುಲು 'ಕಿತ್ತೂರು ಚೆನ್ನಮ್ಮ' ತೆಗೆದಾಗ ಬಿ. ಸರೋಜಾದೇವಿ ಚೆನ್ನಮ್ಮನಾದರು, ರಾಜ್‌ಕುಮಾರ್ ಮಲ್ಲಸರ್ಜನಾದರು. ನಮ್ಮ ಹಿರಿಯರ ಮನಸ್ಸಿನಲ್ಲಿ ಇವತ್ತಿಗೂ ಇರುವ ಕಿತ್ತೂರು ಅರಮನೆ ಆ ಸಿನಿಮಾದ್ದೇ. ಕೋಟೆಗೆ ಹೋಗಿ ಮೊಂಡು ಗೋಡೆ ನೋಡಿದವರು "ಅರಮನಿ ಎಲ್ಲದ?" ಎಂದು ಕೇಳುತ್ತಾರೆ. ಅವರು ಅರಮನೆಯ ನಡುವೆಯೇ ನಿಂತಿರುತ್ತಾರೆ.

ಇನ್ನು ಚಿತ್ರೀಕರಣದ ನಿಯಮಕ್ಕೆ ಬರೋಣ. ಜನರಿಗೆ ಹೆಚ್ಚು ಗೊತ್ತಿಲ್ಲದ್ದು ಇದು. ವಿಜಯಪುರದ ದೊಡ್ಡ ಸ್ಮಾರಕಗಳನ್ನು ನೋಡಿಕೊಳ್ಳುವುದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. 1958ರ ಕಾಯ್ದೆ, ಅದಕ್ಕೆ 1959ರಲ್ಲಿ ಮಾಡಿದ ನಿಯಮಗಳು ಇಲ್ಲಿ ನಡೆಯುತ್ತವೆ. ಸಿನಿಮಾ ತೆಗೆಯಬೇಕಾದರೆ ಮೊದಲೇ ಅರ್ಜಿ ಹಾಕಿ ಪರವಾನಗಿ ಪಡೆಯಬೇಕು. ಒಂದು ಸ್ಮಾರಕಕ್ಕೆ ದಿನಕ್ಕೆ 5,000 ರೂಪಾಯಿ ಇದ್ದ ಶುಲ್ಕ ಆಮೇಲೆ 50,000ಕ್ಕೆ ಏರಿತು, ಮೇಲೆ 10,000 ಠೇವಣಿ.

ಹಣಕ್ಕಿಂತ ಮುಖ್ಯ ಷರತ್ತುಗಳು. ಜನರೇಟರನ್ನು ಸ್ಮಾರಕದಿಂದಲೂ ಹುಲ್ಲುಹಾಸಿನಿಂದಲೂ ದೂರ ಇಡಬೇಕು. ಗೋಡೆಗೆ ನೀರು, ಎಣ್ಣೆ, ಗ್ರೀಸ್ ಯಾವುದನ್ನೂ ಹಚ್ಚುವಂತಿಲ್ಲ. ನೋಡಲು ಬಂದ ಜನರಿಗೆ ಅಡ್ಡಿ ಮಾಡುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು, ಚಾವಣಿ ಇರುವ ಒಳಭಾಗದಲ್ಲಿ ಕಥಾಚಿತ್ರ ತೆಗೆಯಲು ಅನುಮತಿ ಇಲ್ಲ.

ಈ ಕೊನೆಯ ಷರತ್ತು ಓದಿದಾಗ ನನಗೆ ಗಗನ ಮಹಲ್ ಮೊದಲು ನೆನಪಾಯಿತು. ಅದಕ್ಕೆ ಚಾವಣಿಯೇ ಇಲ್ಲ. ಒಳಗೆ ನಿಂತು ತಲೆ ಎತ್ತಿದರೆ ಬರೀ ಆಕಾಶ. ಎರಡನೆಯದಾಗಿ ನೆನಪಾಗಿದ್ದು ಅಸರ್ ಮಹಲ್. ಮೊಹಮ್ಮದ್ ಆದಿಲ್ ಶಾಹ್ 1646ರ ಸುಮಾರಿಗೆ ನ್ಯಾಯದಾನಕ್ಕೆಂದು ಕಟ್ಟಿಸಿದ ಮನೆ ಅದು. ಪ್ರವಾದಿಯವರ ಕೇಶವನ್ನು ಅಲ್ಲಿ ತಂದಿಟ್ಟ ಮೇಲೆ ಅದು ಪವಿತ್ರ ಜಾಗವಾಯಿತು, ಆದ್ದರಿಂದಲೇ ಹಾಳಾಗದೆ ಉಳಿಯಿತು. ಎದುರಿಗೆ ದೊಡ್ಡ ಕೊಳ. ಮುಂಭಾಗದಲ್ಲಿ ನಾಲ್ಕು ಸಾಗವಾನಿ ಕಂಬಗಳು ನೆಲದಿಂದ ಚಾವಣಿವರೆಗೆ ಒಂದೇ ಏರಿಗೆ ಎದ್ದು ನಿಂತಿವೆ. ಮೇಲೆ ಮರದ ಚಾವಣಿ, ಮಹಡಿಯ ಕೋಣೆಗಳ ಗೋಡೆ ಮೇಲೆ ಮಾಸಿದ ಚಿತ್ರಗಳು. ಗಗನ ಮಹಲ್ ಒಳಗಿನಿಂದ ಹೇಗಿದ್ದಿರಬಹುದು ಎಂದು ಊಹಿಸಬೇಕಾದರೆ ನಾವು ಇಲ್ಲಿಗೇ ಬರಬೇಕು. ಆದಿಲ್‌ಶಾಹಿ ದರ್ಬಾರು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಸಿನಿಮಾದ ದೀಪಗಳು ಇದರೊಳಗೆ ಬರುವಂತಿಲ್ಲ.

ನಿರ್ದೇಶಕರಿಗೆ ಬೇಸರವಾಗುವುದು ಸಹಜ. ಆದರೂ ನಾನು ಈ ನಿಯಮದ ಪರ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಟಿವಿ ಧಾರಾವಾಹಿಯ ಚಿತ್ರೀಕರಣ ನಡೆಯುವಾಗ ಬೆಂಕಿ ಬಿದ್ದು 62 ಜನ ಸತ್ತರು. ಅದು ಸ್ಟುಡಿಯೋ. ಸುಟ್ಟ ಸೆಟ್ಟನ್ನು ಮತ್ತೆ ಕಟ್ಟಬಹುದು, ಸತ್ತವರನ್ನು ತರಲಾಗುವುದಿಲ್ಲ. ಒಣಗಿದ ಸಾಗವಾನಿಯ ಅಸರ್ ಮಹಲಿನಲ್ಲಿ ಅಂಥದ್ದು ಆದರೆ ಜೀವವೂ ಹೋಗುತ್ತದೆ, ಅರಮನೆಯೂ ಹೋಗುತ್ತದೆ. ಬೆಂಕಿ ಬೇಡ, ಸುಮ್ನೆ ಬಿಸಿ ದೀಪಗಳ ಶಾಖ, ಇನ್ನೂರು ಜನರ ಓಡಾಟ, ಕ್ಯಾಮೆರಾ ಟ್ರಾಲಿಗೆ ಹಾಸುವ ಹಳಿಯ ಭಾರ ಸಾಕು. ಆ ಮಾಸಿದ ಚಿತ್ರಗಳಿಗೆ ಅಷ್ಟನ್ನೂ ತಡೆಯುವ ಶಕ್ತಿ ಇಲ್ಲ. ಒಳಾಂಗಣಕ್ಕೆ ಸೆಟ್ ಹಾಕಿಕೊಳ್ಳಲಿ. ಕಲಾ ನಿರ್ದೇಶಕರು ಅಸರ್ ಮಹಲಿಗೆ ಬಂದು ಕಂಬದ ಅಳತೆ, ಚಾವಣಿಯ ನಕ್ಷೆ ನೋಡಿ ಹೋದರೆ, ನಮ್ಮ ಸುಲ್ತಾನರನ್ನು ಮೈಸೂರಿನ ಗೊಂಚಲು ದೀಪದ ಕೆಳಗೆ ಕೂರಿಸುವ ಗತಿ ಬರುವುದಿಲ್ಲ ಅಲ್ವಾ?

ನನಗೆ ಸಂಕಟ ಆಗುವುದು ಬೇರೆ ಕಾರಣಕ್ಕೆ. ನಮ್ಮ ಸೀಮೆಗೆ ಕ್ಯಾಮೆರಾ ಬರುವುದು ಹೊಸದಲ್ಲ. ಬಾದಾಮಿಯ ಕೆಂಪು ಬಂಡೆ, ಅಗಸ್ತ್ಯ ತೀರ್ಥದ ದಂಡೆಗೆ ಹೊರಭಾಷೆಯ ಸಿನಿಮಾದವರೂ ಬಂದಿದ್ದಾರೆ. ಆದರೆ ತೆರೆಯ ಮೇಲೆ ಜಾಗಕ್ಕೆ ಕಥೆಯ ಊರಿನ ಹೆಸರು ಬೀಳುತ್ತದೆ. ಕಥೆಗೆ ಅದು ಬೇಕು, ಒಪ್ಪುತ್ತೇನೆ. ಕೊನೆಗೆ ಓಡುವ ಹೆಸರುಗಳ ಪಟ್ಟಿಯಲ್ಲಿ 'ಗಗನ ಮಹಲ್, ವಿಜಯಪುರ' ಎಂದು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಒಂದು ಸಾಲು ಹಾಕಲು ಏನು ಕಷ್ಟ? ಅನುಮತಿ ಪತ್ರದಲ್ಲೇ ಅದನ್ನು ಷರತ್ತಾಗಿ ಸೇರಿಸಬೇಕು. ಶುಲ್ಕದ ಒಂದು ಪಾಲು ಅದೇ ಸ್ಮಾರಕದ ದುರಸ್ತಿಗೆ ಬರಬೇಕು. ಲೊಕೇಶನ್ ನೋಡಲು ಬರುವವರ ಜೊತೆ ಊರಿನ ಗೈಡ್ ಒಬ್ಬರು ಇರಬೇಕು, ಅವರಿಗೆ ಸಂಬಳವೂ ಸಿಗಬೇಕು. ಯಾವ ಗೋಡೆ ಗಟ್ಟಿ, ಯಾವುದು ಸಡಿಲ ಎಂದು ಅವರಿಗೆ ಗೊತ್ತಿರುವಷ್ಟು ದೂರದ ಊರಿನಿಂದ ಬಂದ ಮ್ಯಾನೇಜರಿಗೆ ಗೊತ್ತಿರುವುದಿಲ್ಲ.

ಆ ರವಿವಾರ ಜೋಡಿಯ ಫೋಟೊ ಮುಗಿಯುವ ಹೊತ್ತಿಗೆ ಬಿಸಿಲು ಏರಿತ್ತು. ಹುಡುಗಿ ನೆರಳಿಗೆಂದು ಕಮಾನಿನ ಒಳಗೆ ಬಂದಳು. ನಾನೂ ಅಲ್ಲೇ ಇದ್ದೆ. "ತಂಗಿ, ಆ ಗ್ವಾಡಿ ಮ್ಯಾಲ ನೋಡವಾ" ಎಂದು ಕೈ ತೋರಿಸಿದೆ. ಒಳಗೋಡೆಯಲ್ಲಿ ಮೇಲೆ ಸಾಲಾಗಿ ಗೂಡುಗಳು, ಮಹಡಿಯ ತೊಲೆಗಳನ್ನು ಕೂರಿಸಿದ್ದ ಜಾಗ. ಈಗ ಅದರಲ್ಲಿ ಪಾರಿವಾಳಗಳು.

"ಹಂಗಂದ್ರ ಅಲ್ಲಿ ಮ್ಯಾಲ ಮನಿ ಇತ್ತೇನ್ರೀ?"

"ಹೂಂ. ಅಲ್ಲೇ ಅವರ ವಾಸ."

ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಗೂಡುಗಳನ್ನು ಒಂದೊಂದಾಗಿ ಎಣಿಸತೊಡಗಿದಳು. ಆಮೇಲೆ ಹೊರಗೆ ಸಾಮಾನು ಕಟ್ಟುತ್ತಿದ್ದ ಫೋಟೊಗ್ರಾಫರನನ್ನು ಕೂಗಿದಳು.

"ಅಣ್ಣಾರ, ಕ್ಯಾಮೆರಾ ಚೀಲದಾಗ ಹಾಕಬ್ಯಾಡ್ರೀ. ಒಳಗೊಂದು ತಗೀರಿ."